ಟೇಪಿನ ಅಕ್ಕೋರು

ಅವರು ತೀರಿಕೊಂಡರೆಂಬ ಸುದ್ದಿ ಬಂದಾಗ ನಾನು ಇಂಡಿ ಪಟ್ಟಣದಲ್ಲಿ ನಲವತ್ತು ಮಂದಿ ಮಾಸ್ತರರ ಮುಂದೆ ನಿಂತು ಅವರದೇ ಮಾತನ್ನು ನನ್ನ ಮಾತೆಂಬಂತೆ ಹೇಳುತ್ತಿದ್ದೆ. ಶಾಲೆಗಳಿಗೆ ಹೊಸದಾಗಿ ಕಂಪ್ಯೂಟರ್ ಬಂದಿದ್ದವು. ಅವನ್ನು ಪಾಠದಲ್ಲಿ ಬಳಸುವ ಬಗೆ ತಿಳಿಸುವುದು ನನ್ನ ಕೆಲಸ. ಹಲಗೆಯ ಮೇಲೆ ಒಂದರೊಳಗೊಂದು ಹಾಯುವ ಮೂರು ವರ್ತುಲ ಬರೆದು, ಏನು ಕಲಿಸುತ್ತೀರಿ, ಹೇಗೆ ಕಲಿಸುತ್ತೀರಿ, ಯಾವ ಸಾಧನ ಹಿಡಿದು ಕಲಿಸುತ್ತೀರಿ, ಮೂರೂ ಕೂಡುವ ಜಾಗದಲ್ಲೇ ಮಗು ಕಲಿಯುವುದು ಎಂದು ವಿವರಿಸುತ್ತಿದ್ದೆ. ಮುಂದಿನ ಸಾಲಿನಲ್ಲಿದ್ದ ಬಾಗೇವಾಡಿ ಕಡೆಯ ಶಿಕ್ಷಕರೊಬ್ಬರು ತಮ್ಮ ಮೊಬೈಲು ನೋಡಿ ತಲೆ ಎತ್ತಿದರು.

"ಸರ, ಟೇಪಿನ ಅಕ್ಕೋರು ಹೋದ್ರಂತ್ರಿ."

ನಾನು ಹಲಗೆಯ ಕಡೆ ತಿರುಗಿದೆ. ಉಳಿದ ಪಾಠ ಹೇಗೆ ಮುಗಿಸಿದೆನೋ ನೆನಪಿಲ್ಲ. ಮುಗಿದ ಮೇಲೆ ಒಬ್ಬರು ಬಂದು, "ಭಾಳ ಛಲೋ ಹೇಳಿದ್ರಿ ಸರ, ಆ ಮೂರು ಪ್ರಶ್ನಿ" ಎಂದು ಕೈ ಕುಲುಕಿದರು.

ಟೇಪಿನ ಅಕ್ಕೋರು ಎಂಬುದು ಸಿಂದಗಿ ತಾಲ್ಲೂಕಿನ ಮಾಸ್ತರ ಮಂದಿ ಅವರಿಗೆ ಇಟ್ಟ ಹೆಸರು. ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಅವರು ಶಾಲೆಯಿಂದ ಶಾಲೆಗೆ ತಿರುಗಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದರು. ನಲವತ್ತೆಂಟರ ಆಸುಪಾಸಿನ ಹೆಂಗಸು. ಮದುವೆಯಾಗಿರಲಿಲ್ಲ. ಬಸವನ ಬಾಗೇವಾಡಿಯಲ್ಲಿ ಅಕ್ಕನ ಜೊತೆ ಮನೆ ಮಾಡಿಕೊಂಡಿದ್ದರು. ವಾರವಿಡೀ ಸಿಂದಗಿಯ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಮಧ್ಯಾಹ್ನ ಊರಿಗೆ ಹೋಗುತ್ತಿದ್ದರು. ಪ್ಲಾಸ್ಟಿಕ್ ವಾಯರಿನ ಬುಟ್ಟಿಯೊಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ಟೇಪ್ ರೆಕಾರ್ಡರ್ ಇರುತ್ತಿತ್ತು. ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಬುಟ್ಟಿಯನ್ನು ಕೆಳಗಿಡುತ್ತಿರಲಿಲ್ಲ. ಶಾಲೆಗೆ ಬಂದ ಕೂಡಲೇ ಅವರ ಮೊದಲ ಕೆಲಸ ದಪ್ಪ ಸೆಲ್ಲುಗಳನ್ನು ತೆಗೆದು ಕಟ್ಟೆಯ ಮೇಲೆ ಬಿಸಿಲಿಗಿಡುವುದು. ಬಿಸಿಲು ಕುಡಿದರೆ ಮುದಿ ಸೆಲ್ಲು ಇನ್ನೊಂದು ಪಾಠದಷ್ಟು ಜೀವ ಹಿಡಿಯುತ್ತಿದ್ದವು.

ಯಂತ್ರ ಹೊತ್ತು ತಿರುಗುತ್ತಿದ್ದರೂ ಯಂತ್ರದ ಮೋಹ ಅವರಿಗೆ ಇರಲಿಲ್ಲ. ಒಮ್ಮೆ ಒಂದು ಶಾಲೆಗೆ ಟಿವಿ ಬಂದಿತ್ತು. ಅಲ್ಲಿಯ ಗುರುಗಳು ಅದಕ್ಕೆ ಕುಂಕುಮ ಹಚ್ಚಿ, ಮೇಲೆ ಕಸೂತಿ ಬಟ್ಟೆ ಹೊದಿಸಿ, ಹೆಮ್ಮೆಯಿಂದ ತೋರಿಸಿದರು.

"ಇದನ್ನ ಹಚ್ಚಿದಾಗ ಹುಡುಗ್ರು ಏನ ಮಾಡ್ತಾರ್ರಿ?" ಎಂದು ಅಕ್ಕೋರು ಕೇಳಿದರು.

"ನೋಡ್ತಾರ್ರಿ."

"ನೋಡಿ?"

"ಸುಮ್ಮನ ಕುಂದರ್ತಾರ್ರಿ."

"ಸುಮ್ಮನ ಕುಂದರಸಾಕ ಟಿವಿ ಯಾಕ ಬೇಕ್ರಿ? ಕೈಯಾಗ ಬಡಿಗಿ ಐತಲ್ಲ."

ಹೀಗೆ ಮುಖದ ಮೇಲೆ ಹೊಡೆದಂತೆ ಮಾತಾಡುತ್ತಿದ್ದರು. ಆದರೂ ಮಾಸ್ತರ ಮಂದಿ ಅವರನ್ನು ತರಗತಿಯೊಳಗೆ ಬಿಟ್ಟುಕೊಳ್ಳುತ್ತಿದ್ದರು. ಅದಕ್ಕೆ ಕಾರಣ ಅವರು ಕೊಟ್ಟ ಒಂದು ಮಾತು.

ಅವರ ಪದ್ಧತಿ ಹೀಗಿತ್ತು. ರೆಕಾರ್ಡರನ್ನು ಕಿಟಕಿಯಲ್ಲಿಟ್ಟು, ಕೆಂಪು ಬಟನ್ ಒತ್ತಿ ಹೊರಗೆ ನಡೆದುಬಿಡುತ್ತಿದ್ದರು. "ನಾ ಕುಂತ್ರ ನೀವು ನನಗ ಪಾಠಾ ಮಾಡ್ತೀರಿ, ಹುಡುಗ್ರಿಗಲ್ಲ" ಎನ್ನುತ್ತಿದ್ದರು. ಶಾಲೆ ಬಿಟ್ಟ ಮೇಲೆ ಆ ಮಾಸ್ತರರೂ ಅಕ್ಕೋರೂ ಇಬ್ಬರೇ ಕುಳಿತು ಟೇಪು ಕೇಳಬೇಕು. ಮೂರನೆಯವರು ಇರಕೂಡದು. ಕೇಳಿ ಮುಗಿದ ಮೇಲೆ ಮಾಸ್ತರರೇ ತಮ್ಮ ಕೈಯಾರೆ ಅದನ್ನು ಅಳಿಸಬೇಕು. ಯಾವ ಅಧಿಕಾರಿಯ ಕಿವಿಗೂ ಅದು ಬೀಳುವುದಿಲ್ಲ. ತಾಲ್ಲೂಕಿನ ಸಾಹೇಬರೊಬ್ಬರು ಟೇಪುಗಳನ್ನು ಕಚೇರಿಗೆ ತಂದುಕೊಡಿ ಎಂದಾಗ, "ಹಂಗಾರ ಟೇಪನ್ಯಾಗ ನಿಮಗ ಬರೇ ನಾಟಕ ಸಿಗತೈತ್ರಿ" ಎಂದು ಅವರ ಮುಂದೆಯೇ ಹೇಳಿದ್ದರಂತೆ.

ನಾನಾಗ ಮೋರಟಗಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಮಾಸ್ತರರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬರು ಮುಖ್ಯ ಗುರುಗಳೂ ಆಗಿದ್ದ ಹಿರಿಯ ಮಾಸ್ತರರು. ಊರಿಗೆ ಹೊಸಬನಾಗಿ ಟ್ರಂಕು ಹಿಡಿದು ಇಳಿದ ದಿನ ನನ್ನನ್ನು ಮನೆಗೆ ಕರೆದೊಯ್ದು ಊಟಕ್ಕಿಟ್ಟವರು, ಕೋಣೆ ಹುಡುಕಿ ಕೊಟ್ಟವರು, ಜ್ವರ ಬಂದಾಗ ಗಂಜಿ ಕಳಿಸಿದವರು ಅವರು. ಶಾಲೆಗೆ ಎರಡು ಕೋಣೆ. ನಡುವಿನ ಗೋಡೆ ಮಾಳಿಗೆಗೆ ಮುಟ್ಟಿರಲಿಲ್ಲ. ಆ ಕಡೆಯ ಮಗ್ಗಿ ಈ ಕಡೆಗೆ ಕೇಳುತ್ತಿತ್ತು.

ಅಕ್ಕೋರು ನನ್ನ ಪಾಠವನ್ನು ಮೊದಲ ಸಲ ಟೇಪು ಮಾಡಿದ್ದು ನಾಲ್ಕನೆಯ ಇಯತ್ತೆಯ ಗಣಿತದಲ್ಲಿ. ಅರ್ಧ, ಕಾಲು, ಮುಕ್ಕಾಲು. ಚೆನ್ನಾಗಿ ಮಾಡಿದೆನೆಂದೇ ತಿಳಿದಿದ್ದೆ. ಸಂಜೆ ಇಬ್ಬರೂ ಕುಳಿತು ಕೇಳಿದೆವು. ನನ್ನ ದನಿಯೇ ದನಿ. ಎರಡು ವಾಕ್ಯಕ್ಕೊಮ್ಮೆ "ತಿಳೀತಿಲ್ಲೋ?" ಎಂಬ ನನ್ನ ಪ್ರಶ್ನೆ, "ತಿಳೀತ್ರೀ" ಎಂಬ ಮಕ್ಕಳ ಹಿಂಡುದನಿ. ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಅಕ್ಕೋರು ಒಂದು ಕಡೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಹಚ್ಚಿದರು. ನನ್ನ ಗದ್ದಲದ ಕೆಳಗೆ ಒಂದು ಸಣ್ಣ ದನಿ ಇತ್ತು. "ಸರ, ಒಂದು ರೊಟ್ಟಿ ದೊಡ್ಡದು, ಒಂದು ಸಣ್ಣದು ಇದ್ರ, ಎರಡರದೂ ಅರ್ಧ ಒಂದ ಆಕ್ಕತೇನ್ರಿ?"

ಅದು ಮಾಳವ್ವನ ದನಿ. ಕುರಿ ಸಾಕುವ ಮನೆಯ ಹುಡುಗಿ. ಕುರಿ ಹಿಂಡಿನ ಜೊತೆ ಹೋಗಿ ಬಂದು ವರ್ಷದ ಅರ್ಧದಷ್ಟು ದಿನ ಶಾಲೆ ತಪ್ಪಿಸುವವಳು. ಅವಳು ಹಾಗೆ ಕೇಳಿದ್ದು ನನಗೆ ಕೇಳಿಸಿಯೇ ಇರಲಿಲ್ಲ.

"ಇಡೀ ಪಾಠ ಈ ಒಂದು ಮಾತಿನ್ಯಾಗ ಇತ್ತು ನೋಡ್ರಿ" ಎಂದರು ಅಕ್ಕೋರು. "ಯಂತ್ರ ಬಂದದ್ದು ಇದಕ್ಕ. ಈಗ ಅಳಸ್ರಿ."

ರೆಕಾರ್ಡ್ ಬಟನ್ ಒತ್ತಿ ಟೇಪನ್ನು ತಿರುಗಲು ಬಿಟ್ಟರೆ ಹಳೆಯದು ಹೋಗುತ್ತಿತ್ತು. ಅರ್ಧ ತಾಸಿನ ಪಾಠ ಹೋಗಲು ಅರ್ಧ ತಾಸೇ ಬೇಕು. ಅಷ್ಟು ಹೊತ್ತೂ ನಾವು ಮರುದಿನದ ಪಾಠದ ಬಗ್ಗೆ ಮಾತಾಡಿದೆವು. ಮರುದಿನ ನಾನು ಒಂದು ದೊಡ್ಡ ರೊಟ್ಟಿ, ಒಂದು ಸಣ್ಣ ರೊಟ್ಟಿ ತಂದು ಮಾಳವ್ವನ ಕೈಗೆ ಕೊಟ್ಟೆ. ಅವಳೇ ಮುರಿದಳು, ಅವಳೇ ಎಲ್ಲರಿಗೂ ವಿವರಿಸಿದಳು. ಆಮೇಲೆ ಅವಳ ಬಾಯಿ ನಿಲ್ಲಲಿಲ್ಲ. ಎಲ್ಲಕ್ಕೂ ಪ್ರಶ್ನೆ. ನಾನೇ ಹುರಿದುಂಬಿಸಿದೆ.

ಮರುವರ್ಷ ಅವಳು ಐದನೆಯ ಇಯತ್ತೆಗೆ ಹೋದಳು. ಅಂದರೆ ಗೋಡೆಯ ಆಚೆಗೆ, ಹಿರಿಯ ಮಾಸ್ತರರ ಕೋಣೆಗೆ.

ಆ ದಿನ ಅಕ್ಕೋರು ಬಂದವರು ಹಿರಿಯ ಮಾಸ್ತರರ ಕಿಟಕಿಯಲ್ಲಿ ರೆಕಾರ್ಡರ್ ಇಟ್ಟು, ಅಂಗಳದ ಬೇವಿನ ಗಿಡದ ಕೆಳಗೆ ಒಂದನೆಯ ಇಯತ್ತೆಯ ಮಕ್ಕಳಿಗೆ ಕಥೆ ಹೇಳಲು ಹೋದರು. ನಾನು ನನ್ನ ಕೋಣೆಯಲ್ಲಿ ಲೆಕ್ಕ ಬರೆಸುತ್ತಿದ್ದೆ. ಆ ಕಡೆಯಿಂದ ಮಾಳವ್ವನ ದನಿ ಕೇಳಿತು. ಏನೋ ಕೇಳಿದಳು. ಹಿರಿಯ ಮಾಸ್ತರರು ಕೂಡ್ರು ಎಂದರು. ಅವಳು ಮತ್ತೆ ಕೇಳಿದಳು.

"ಕುರಿ ಕಾಯೂದ ಬಿಟ್ಟು ನನಗ ಪ್ರಶ್ನಿ ಕೇಳಾಕ ಬಂದಿ ಏನು?"

ಅದರ ಹಿಂದೆಯೇ ಏಟಿನ ಸಪ್ಪಳ. ಪಾಟಿ ನೆಲಕ್ಕೆ ಬಿತ್ತು. "ಯವ್ವಾ" ಎಂಬ ಒಂದೇ ಕೂಗು. ನನ್ನ ಮಕ್ಕಳೆಲ್ಲ ತಲೆ ಎತ್ತಿ ನನ್ನ ಮುಖ ನೋಡಿದರು. ನಾನು ಹಲಗೆಯ ಕಡೆ ತಿರುಗಿ ಮುಂದಿನ ಲೆಕ್ಕ ಹೇಳುತ್ತ ಬರೆದೆ.

ಮಧ್ಯಾಹ್ನದ ಬಿಡುವಿನಲ್ಲಿ ಮಾಳವ್ವ ಅಂಗಳದ ಬೋರ್‌ವೆಲ್ಲಿನ ಕಟ್ಟೆಯ ಮೇಲೆ ಕುಳಿತಿದ್ದಳು. ಎಡಗಿವಿಯಿಂದ ಸಣ್ಣ ರಕ್ತದ ಗೆರೆ ಇಳಿದಿತ್ತು. ಅಕ್ಕೋರು ಓಡಿ ಹೋಗಿ ಸೆರಗು ಒದ್ದೆ ಮಾಡಿ ಒರೆಸಿದರು. "ಬೋರಿನ ಹಂತ್ಯಾಕ ಜಾರಿ ಬಿದ್ದಾಳ್ರಿ" ಎಂದರು ಹಿರಿಯ ಮಾಸ್ತರರು. ಸುತ್ತ ನಿಂತಿದ್ದ ಮಕ್ಕಳು ಹೌದೆಂದು ತಲೆಯಾಡಿಸಿದರು. ಮಾಳವ್ವ ಏನೂ ಹೇಳಲಿಲ್ಲ. ದೊಡ್ಡ ಹುಡುಗಿಯರಿಬ್ಬರ ಜೊತೆ ಅವಳನ್ನು ಮನೆಗೆ ಕಳಿಸಿದರು.

ಶಾಲೆ ಬಿಟ್ಟಿತು. ನಿಯಮದಂತೆ ಅವರಿಬ್ಬರೂ ಒಳಗೆ ಕುಳಿತರು. ನಾನು ಹೊರಗೆ ಕಟ್ಟೆಯ ಮೇಲಿದ್ದೆ. ಕಿಟಕಿಯಿಂದ ಕಾಣುತ್ತಿತ್ತು. ಒಂದು ಹಂತದಲ್ಲಿ ಹಿರಿಯ ಮಾಸ್ತರರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಕ್ಕೋರು ಆಮೇಲೆ ರೆಕಾರ್ಡರನ್ನು ಅವರ ಮುಂದೆ ಸರಿಸಿದರು.

"ಮಾತು ಕೊಟ್ಟೇನ್ರಿ. ನಿಮ್ಮ ಟೇಪು, ನಿಮ್ಮ ಕೈಲೇನ ಅಳಸ್ರಿ. ಆದ್ರ ಆ ಹುಡುಗಿ ಮನಿಗೆ ಹೋಗಿ ತಪ್ಪಾತು ಅಂತ ಹೇಳ್ರಿ."

ಹಿರಿಯ ಮಾಸ್ತರರು ತಲೆಯಾಡಿಸಿ ಬಟನ್ ಒತ್ತಿದರು. ಅರ್ಧ ತಾಸು ಟೇಪು ತಿರುಗಿತು. ಒಳಗೆ ಇಬ್ಬರೂ ಮಾತಿಲ್ಲದೆ ಕುಳಿತಿದ್ದರು. ಊರ ಕುರಿಗಳು ಹಟ್ಟಿಗೆ ಮರಳುತ್ತ ಅಂಗಳದ ಪಕ್ಕದಲ್ಲೇ ಅರಚುತ್ತ ಹೋದವು. ಆ ಸಪ್ಪಳ ಟೇಪಿನಲ್ಲಿ ಬಂದಿರಬೇಕು.

ಹಿರಿಯ ಮಾಸ್ತರರು ಮಾಳವ್ವನ ಮನೆಗೆ ಹೋಗಲಿಲ್ಲ.

ಎಂಟು ಹತ್ತು ದಿನಕ್ಕೆ ಹುಡುಗಿಯ ಕಿವಿಯಲ್ಲಿ ಕೀವು ತುಂಬಿತು. ಸಿಂದಗಿಯ ಡಾಕ್ಟರು ನೋಡಿ, ಏಟಿಗೆ ಕಿವಿಯ ಪರದೆ ಹರಿದಂತಿದೆ ಎಂದರು. ಆಗ ಅವಳು ನಡೆದದ್ದನ್ನು ಅಪ್ಪನಿಗೆ ಹೇಳಿದಳು. ಅವಳಪ್ಪ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟ. ಸಾಹೇಬರು ವಿಚಾರಣೆಗೆ ಬಂದರು. ಐದನೆಯ ಇಯತ್ತೆಯ ಮಕ್ಕಳು ಒಬ್ಬೊಬ್ಬರಾಗಿ ಬಂದು ಮಾಳವ್ವ ಜಾರಿ ಬಿದ್ದಳೆಂದು ಹೇಳಿ ಹೋದರು. ಅಪ್ಪ ಅಂಗಳದಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಆಮೇಲೆ ನನ್ನ ಹತ್ತಿರ ಬಂದು ಎರಡೂ ಕೈ ಜೋಡಿಸಿದ.

"ಮಾಸ್ತರ, ನೀವು ಈ ಗ್ವಾಡಿ ಈಚೀಗೇ ಇದ್ರಿ. ನೀವರೆ ಖರೇ ಹೇಳ್ರಿ. ನನ್ನ ಮಗಳು ಸುಳ್ಳ ಹೇಳಾಕತ್ತಾಳೇನು?"

ಹಿರಿಯ ಮಾಸ್ತರರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು.

"ನನಗೇನೂ ಕೇಳಿಸಿಲ್ಲಪಾ" ಎಂದೆ. ಸಾಹೇಬರು ಕೇಳಿದಾಗಲೂ ಅದನ್ನೇ ಹೇಳಿ ಸಹಿ ಮಾಡಿದೆ.

ಅಪ್ಪ ಮನೆಗೆ ಹೊರಟುಹೋದ ಮೇಲೆ, ಕೊನೆಗೆ ಅಕ್ಕೋರನ್ನು ಕರೆಸಿದರು. ಟೇಪು ಎಲ್ಲಿ ಎಂದರು ಸಾಹೇಬರು. ಅಳಿಸಿ ಹೋಗಿದೆ ಎಂದರು ಅಕ್ಕೋರು. ಹಿಂದೆ ಅವರು ಟೇಪು ಕೊಡಲು ಒಪ್ಪದಿದ್ದುದರ ಸಿಟ್ಟು ಸಾಹೇಬರಲ್ಲಿ ಇನ್ನೂ ಇತ್ತು. "ಅಂದ್ರ ಹೇಳಾಕ ನಿಮ್ಮ ಹಂತ್ಯಾಕ ಏನೂ ಇಲ್ಲ ಅನ್ರಿ" ಎಂದು ಎದ್ದರು.

"ಕುಂದರ್ರಿ ಸಾಹೇಬ್ರ, ಐತಿ" ಎಂದು ಅಕ್ಕೋರು ಒಂದು ಹಾಳೆ ಬೇಡಿ ಅಲ್ಲೇ ಬರೆದರು. ನನ್ನ ಎದುರಿಗೇ ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು. "ಟೇಪನ್ನು ನಾನು ಕೇಳಿದ್ದೇನೆ. ಅದರಲ್ಲಿ ಬೈದ ಮಾತು, ಹೊಡೆದ ಸಪ್ಪಳ, ಹುಡುಗಿಯ ಕೂಗು ಸ್ಪಷ್ಟವಾಗಿದ್ದವು. ಹುಡುಗಿ ಬಿದ್ದಿಲ್ಲ. ಅಳಿಸಲು ಬಿಟ್ಟವಳು ನಾನು, ಅದು ನನ್ನ ತಪ್ಪು." ಇಷ್ಟೇ ಇತ್ತು.

ಆ ಹಾಳೆಯಿಂದ ಅವರಿಗೆ ಯಾರೂ ಉಳಿಯಲಿಲ್ಲ. ಪುರಾವೆ ನಾಶ ಮಾಡಿದರೆಂದು ಕಚೇರಿ ಅವರನ್ನು ತರಬೇತಿಯಿಂದ ತೆಗೆಯಿತು. ರೆಕಾರ್ಡರನ್ನು ಬುಟ್ಟಿಯ ಸಮೇತ ಜಮಾ ಮಾಡಿಸಿಕೊಂಡು, ಅವರನ್ನು ಮುದ್ದೇಬಿಹಾಳ ತಾಲ್ಲೂಕಿನಲ್ಲಿ ನಾಲತವಾಡದಾಚೆಯ ಒಂದು ಶಾಲೆಗೆ ಹಾಕಿತು. ಟೇಪಿನಲ್ಲಿದ್ದುದನ್ನು ಹೊರಗೆ ಹೇಳಿದರೆಂದು ಮಾಸ್ತರ ಮಂದಿ ಮುಖ ತಿರುಗಿಸಿದರು. "ಮಾತು ಕೊಟ್ಟು ಕುತ್ತಗಿ ಕೊಯ್ದಾಕಿ" ಎಂದು ಸಿಂದಗಿ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಒಬ್ಬರು ಹೇಳಿದಾಗ ನಾನು ಅಲ್ಲೇ ಕುಳಿತು ಚಹಾ ಕುಡಿಯುತ್ತಿದ್ದೆ. ಹಿರಿಯ ಮಾಸ್ತರರಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಪಕ್ಕದೂರಿಗೆ ವರ್ಗವಾಗಿ, ಸಮಯಕ್ಕೆ ಸರಿಯಾಗಿ ಹಾರ ಹಾಕಿಸಿಕೊಂಡು ನಿವೃತ್ತರಾದರು. ಅಕ್ಕೋರ ಹೇಳಿಕೆಗೆ ಇನ್ನೊಂದು ಸಾಕ್ಷಿ ಕೂಡಿದ್ದರೆ ಹಾಗಾಗುತ್ತಿರಲಿಲ್ಲ. ಆ ಸಾಕ್ಷಿ ನಾನಾಗಿದ್ದೆ.

ಕೆಲವು ವರ್ಷಗಳ ಮೇಲೆ ತರಬೇತಿಯ ಕೆಲಸ ನನಗೇ ಬಂತು. ಆಗ ಕಂಪ್ಯೂಟರಿನ ಕಾಲ. ಅಕ್ಕೋರ ಮೂರು ಪ್ರಶ್ನೆಗಳು ನನ್ನ ಬಾಯಿಪಾಠವಾಗಿದ್ದವು. ಹೇಳಿದೆ, ಹೆಸರು ಬಂತು. ಮಾಸ್ತರರ ಪಾಠ ಟೇಪು ಮಾಡಿ ಅವರಿಗೇ ಕೇಳಿಸುವ ಪದ್ಧತಿಯನ್ನು ಮಾತ್ರ ಎತ್ತಲಿಲ್ಲ. ಎತ್ತಿದ್ದರೆ ಯಾರೂ ಒಪ್ಪುತ್ತಿರಲಿಲ್ಲ.

ಅಕ್ಕೋರು ನಿವೃತ್ತರಾದ ತಿಂಗಳು ನಾನು ಬಾಗೇವಾಡಿಗೆ ಹೋದೆ. ಬೀಳ್ಕೊಡುಗೆ ಸಮಾರಂಭವೆಂದು ಏನೂ ನಡೆದಿರಲಿಲ್ಲ. ಅವರ ಅಕ್ಕ ಬಾಗಿಲು ತೆರೆದರು. ಅಕ್ಕೋರು ಜೋಳ ಹಸನು ಮಾಡುತ್ತ ಕುಳಿತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಬರ್ರಿ ಸರ. ದೊಡ್ಡ ಮನಶ್ಯಾ ಆಗೀರಂತ" ಎಂದರು. ದನಿಯಲ್ಲಿ ಕೊಂಕಿರಲಿಲ್ಲ.

ಚಹಾ ಬಂತು. ನಾನು ಲೋಟ ಕೆಳಗಿಟ್ಟು ಹೇಳಿಬಿಟ್ಟೆ. "ಅಕ್ಕೋರ, ಆ ದಿನ ನನಗೆಲ್ಲಾ ಕೇಳಿಸಿತ್ತು."

"ಗೊತ್ತೈತ್ರಿ." ಮೊರದಿಂದ ಒಂದು ಹರಳು ತೆಗೆದು ಪಕ್ಕಕ್ಕಿಟ್ಟರು. "ಟೇಪನ್ಯಾಗ ನಿಮ್ಮ ದನೀನೂ ಇತ್ತು. ಆಚಿ ಕೋಣಿಯಿಂದ ಲೆಕ್ಕ ಹೇಳೋ ದನಿ. ಅಕಿ ಚೀರಿದ ಕೂಡ್ಲೆ ನಿಂತಿತು. ಒಂದು ಘಳಿಗಿ ಬಿಟ್ಟು ಮತ್ತ ಸುರು ಆತು."

ನನಗೆ ತಲೆ ಎತ್ತಲಾಗಲಿಲ್ಲ.

"ನನ್ನ ಹೆಸರು ಯಾಕ ಬರೀಲಿಲ್ರಿ ಆ ಹಾಳ್ಯಾಗ?"

"ನಿಮ್ಮದು ನೀವ ಹೇಳೂದಿತ್ತು." ಆಮೇಲೆ ತಮಗೇ ಹೇಳಿಕೊಂಡಂತೆ ಹೇಳಿದರು. "ನಾನೇನು ದೊಡ್ಡಾಕಿ ಅಲ್ರಿ. ಅರ್ಧ ತಾಸು ಟೇಪು ನನ್ನ ಕಣ್ಣ ಮುಂದ ತಿರಗಾಕತ್ತಿತ್ತು. ಯಾವಾಗ ಬೇಕಾದ್ರೂ ನಿಲ್ಲಸಬೋದಿತ್ತು. ನಾಳಿಗೆ ಯಾವ ಮಾಸ್ತರ ನನ್ನ ಒಳಗ ಬಿಟ್ಕೊಂತಾನ ಅನ್ನೋ ವಿಚಾರದಾಗ ಕುಂತ್ನಿ. ಹುಡುಗಿ ಕಿವಿ ನೆಪ್ಪ ಆಗಲಿಲ್ಲ. ಈಗ ಆ ಕಿವಿ ಪೂರ್ತಿ ಹೋಗೇತಿ. ವಿಜಾಪುರಕ್ಕ ಎಷ್ಟು ಸಲ ಕರಕೊಂಡು ಹೋದ್ನಿ, ಏನೂ ಆಗಲಿಲ್ಲ."

ಅವರು ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ಯುತ್ತಿದ್ದ ಸಂಗತಿ ಅಂದೇ ನನಗೆ ತಿಳಿದದ್ದು. ನಾಲತವಾಡದ ಕಡೆಯಿಂದ ಮೋರಟಗಿಗೆ ಬಂದು, ಅಲ್ಲಿಂದ ವಿಜಾಪುರಕ್ಕೆ ಹೋಗಿ ಮರಳುವುದೆಂದರೆ ಬಸ್ಸಿನಲ್ಲೇ ಒಂದು ದಿನ ಹೋಗುತ್ತಿತ್ತು.

"ನಾ ಏನ ಮಾಡ್ಲಿ ಅಕ್ಕೋರ?"

"ನನಗ ಹೇಳಿದ್ರ ಏನು ಬಂತು? ಅವರಪ್ಪ ಕೇಳಿದ್ದ ನಿಮ್ಮನ್ನ. ಅವಗ ಹೋಗಿ ಹೇಳ್ರಿ. ಹೇಳಿದ ಮ್ಯಾಲೆ ಬರ್ರಿ, ಊಟಾ ಮಾಡೂಣು."

ಹೋಗುತ್ತೇನೆಂದು ಹೇಳಿ ಬಂದೆ. ಹೋಗಲಿಲ್ಲ. ತರಬೇತಿ ಬಂತು, ಚುನಾವಣೆಯ ಕೆಲಸ ಬಂತು, ಮಗಳ ಪರೀಕ್ಷೆ ಬಂತು. ಮೋರಟಗಿಯ ಮೇಲೆ ಹಾಯುವ ಬಸ್ಸಿನಲ್ಲಿ ಎಷ್ಟೋ ಸಲ ಕುಳಿತಿದ್ದೇನೆ. ಆ ಹಳ್ಳಿಯ ಕ್ರಾಸ್ ಬಂದಾಗ ಕಿಟಕಿಯ ಇನ್ನೊಂದು ಕಡೆ ನೋಡುತ್ತಿದ್ದೆ. ಹಾಗೆ ಎರಡು ವರ್ಷ ಹೋದವು. ಆಮೇಲೆ ಇಂಡಿಯಲ್ಲಿ ಆ ಸುದ್ದಿ.

ಬಾಗೇವಾಡಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಅಕ್ಕ, "ಮಾಳವ್ವ ಅನ್ನಾಕಿ, ಅವರಪ್ಪ ಇಬ್ರೂ ಬಂದಿದ್ರು. ಮಣ್ಣ ಕೊಟ್ಟು ಹೋದ್ರು" ಎಂದರು. ಮರುದಿನ ಮುಂಜಾನೆ ನಾನು ಆ ಕ್ರಾಸಿನಲ್ಲಿ ಇಳಿದೆ.

ಮನೆಯ ಮುಂದೆ ಅಪ್ಪ ಉಣ್ಣೆ ಹಿಂಜುತ್ತಿದ್ದ. ಮುದುಕನಾಗಿದ್ದ. ಮಾಳವ್ವ ತವರಿಗೆ ಬಂದಿದ್ದಳು; ಕಂಕುಳಲ್ಲಿ ಕೂಸು. ಅವಳೇ ನನ್ನ ಗುರುತು ಹಿಡಿದು, ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ನಿಂತಳು.

"ಬರ್ರಿ ಮಾಸ್ತರ" ಎಂದು ಅಪ್ಪ ಕಂಬಳಿ ಹಾಸಿದ.

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಅಂದು ಎಲ್ಲ ಕೇಳಿಸಿತ್ತು, ನೀ ಕೈ ಮುಗಿದು ಕೇಳಿದಾಗ ಸುಳ್ಳು ಹೇಳಿದೆ, ನಿನ್ನ ಮಗಳು ಹೇಳಿದ್ದೇ ಖರೆ ಎಂದೆ. ಮಾಳವ್ವ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ ಒಳಗೆ ಹೋದಳು.

ಮುದುಕ ಉಣ್ಣೆ ಹಿಂಜುವುದನ್ನು ನಿಲ್ಲಿಸಿದ.

"ನೀವು ಕೇಳಿಲ್ಲ ಅಂದ್ರಿ, ಹುಡುಗ್ರೂ ಬಿದ್ದಾಳ ಅಂದ್ವು. ನಾ ಮನಿಗೆ ಬಂದು ಅಕಿಗೆ ಸುಳ್ಳ ಹೇಳ್ತಿ ಅಂತ ಹೊಡದ್ನಿ, ಮಾಸ್ತರ. ಕೀವು ಬಂದ ಕಿವಿ ಇಟಗೊಂಡು ನಿಂತಿದ್ಲು. ಮರದಿನ ಅಕ್ಕೋರು ಇಲ್ಲಿಗೆ ಬಂದು, ಸಾಹೇಬ್ರಿಗೆ ಬರದ ಕೊಟ್ಟಿದ್ದು ನನಗ ಒಂದೊಂದ ಮಾತು ಹೇಳಿದ್ರು. ಅವತ್ತ ಅಕಿ ತಿರಗಿ ನನ್ನ ಕೂಡ ಮಾತಾಡಿದ್ಲು."

ಅವನು ಉಣ್ಣೆಯನ್ನು ಪಕ್ಕಕ್ಕೆ ಸರಿಸಿ ತಲೆ ಎತ್ತಿದ.

"ಅಕ್ಕೋರಿಗೆ ಇದನ್ನ ಹೇಳಿದ್ರೇನ್ರಿ, ಜೀವ ಇದ್ದಾಗ?"

"ಹೇಳಿದ್ದೆ."

"ಏನಂದ್ರು?"

"ನಿಮಗ ಹೇಳಂದ್ರು."

"ಯಾವಾಗ?"

"ಎರಡ ವರ್ಷಾತು."

ಮುದುಕ ತಲೆಯಾಡಿಸಿದ. ಸಿಟ್ಟಿರಲಿಲ್ಲ. ಏನೋ ಕೂಡಿಸಿ ನೋಡುವವನಂತೆ ಹಣೆ ಗಂಟಿಕ್ಕಿತ್ತು.

"ಹಂಗಂತ್ರೀ? ಅದಕ್ಕ ಏನೋ. ನಾವು ಹೋದಾಗೊಮ್ಮೆ ಕೇಳ್ತಿದ್ರು, ನಿಮ್ಮ ಕಡೆ ಯಾರರೆ ಬಂದಿದ್ರೇನು ಅಂತ. ಹ್ವಾದ ತಿಂಗಳ ಹಾಸಿಗಿ ಹಿಡದಾಗೂ ಕೇಳಿದ್ರು. ಯಾರು ಅಂತ ಹೇಳಲಿಲ್ಲ. ನಾ ಇಲ್ರಿ ಅಂತಿದ್ನಿ."